ಪುಸ್ತಕ ತಗೊಂಡು ಬಾ

ಸೇಂಟ್ ಬ್ರೆಂಡನ್ ಕಾಲೇಜಿನ ಹಾಸ್ಟೆಲು, ಓಹಾಯೋ
ಜುಲೈ 14, 1971

ಅಮ್ಮ,

ಬಂದು ತಲುಪಿ ನಾಲ್ಕು ದಿನವಾಯಿತು. ಮೊದಲೇ ಬರೆಯಬೇಕಿತ್ತು. ಆದರೆ ಇದು ನಾನೇ ಹೌದೋ ಅಲ್ಲವೋ ಎಂದು ಚಿವುಟಿ ನೋಡಿಕೊಳ್ಳುವುದರಲ್ಲೇ ಹೊತ್ತು ಹೋಯಿತು.

ನೆನಪಿದೆಯಲ್ಲ, ಪ್ಲಾಟ್ ವ್ಯಾಲಿ ಕಾಲೇಜಿನಲ್ಲಿ ನಾನು ಕ್ಷೌರಕ್ಕೆ ಹೋದರೆ ಉದುರಿದ ಕೂದಲನ್ನು ಹುಡುಗರು ಲಕೋಟೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಇಲ್ಲಿ ಬಾಗಿಲಲ್ಲಿ ಕೂತಿದ್ದ ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಲೂಗಡ್ಡೆ ಮೂಟೆ ಹಿಂದ್ಗಡೆ ಬಾಗ್ಲಲ್ಲಿ ಇಳಿಸಪ್ಪ" ಅಂದ. ನಾನು ಟೊಲೀಡೊ ತಂಡದ ಫುಟ್‌ಬಾಲ್ ಆಯ್ಕೆ ಶಿಬಿರಕ್ಕೆ ಬಂದ ಆಟಗಾರ ಎಂದೆ. "ಹೂಂ, ಎಲ್ರೂ ಹಂಗೇ ಅಂತಾರೆ" ಎಂದು ಮೆಟ್ಟಿಲು ತೋರಿಸಿದ.

ಹೊಸಬರು ರಾತ್ರಿಯೂಟದ ನಡುವೆ ಕುರ್ಚಿ ಹತ್ತಿ, ಎದೆಯ ಮೇಲೆ ಕೈಯಿಟ್ಟುಕೊಂಡು ತಮ್ಮ ಕಾಲೇಜಿನ ಹಾಡು ಹಾಡಬೇಕು. ಇದು ಇಲ್ಲಿಯ ಸಂಪ್ರದಾಯ. ನಾಲ್ಕು ವರ್ಷ ಎಂಟು ಸಾವಿರ ಜನ ಎದ್ದು ನಿಂತು ಆ ಹಾಡನ್ನು ನನಗಾಗಿ ಹಾಡಿದ್ದಾರೆ. ನಾನು ಮಾತ್ರ ಒಂದು ದಿನವೂ ಹಾಡಿಲ್ಲ ಎಂಬ ಸತ್ಯ ಕುರ್ಚಿಯ ಮೇಲೆ ನಿಂತಾಗ ದರ್ಶನ ಕೊಟ್ಟಿತು. ಎರಡನೇ ಸಾಲಿಗೇ ಪದಗಳು ಮುಗಿದವು. ಬ್ರೆಡ್ಡಿನ ತುಂಡುಗಳು ಹಾರಿ ಬಂದವು. ಒಂದರಲ್ಲಿ ಬೆಣ್ಣೆಯೂ ಇತ್ತು.

ನಮಗೆಲ್ಲ ಆಟದ ಉಪಾಯಗಳ ಒಂದೊಂದು ಪುಸ್ತಕ ಕೊಟ್ಟಿದ್ದಾರೆ. ಮುನ್ನೂರ ನಲವತ್ತು ಪುಟ. ತುಂಬ ಸೊನ್ನೆ, ಗುಣಾಕಾರದ ಗುರುತು, ಬಾಣ. ಪ್ಲಾಟ್ ವ್ಯಾಲಿಯಲ್ಲಿ ನಮ್ಮ ಇಡೀ ಆಟಕ್ಕೆ ಇದ್ದದ್ದು ಒಂಬತ್ತು ಉಪಾಯ. ಅದರಲ್ಲಿ ಏಳಕ್ಕೆ 'ಚೆಂಡು ಡುವೇನ್‌ಗೆ ಕೊಡಿ' ಎಂದು ಅರ್ಥ, ಉಳಿದ ಎರಡಕ್ಕೆ 'ಕೊಟ್ಟ ಹಾಗೆ ನಟಿಸಿ' ಎಂದು. ಇಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಬೇಕು.

ಕೋಚಿನ ಸಹಾಯಕರು ಪಿಮ್ ಅಂತ ಒಬ್ಬರಿದ್ದಾರೆ. ಸಣ್ಣ ಆಳು, ಮೆತ್ತಗಿನ ದನಿ, ರಬ್ಬರ್ ಅಟ್ಟೆಯ ಬೂಟು. ಎಲ್ಲರೂ ಅವರನ್ನು ಪಾದ್ರಿ ಅನ್ನುತ್ತಾರೆ. ಬೆಳಗಿನ ಆರು ಗಂಟೆಗೆ ಯಾವುದಾದರೂ ಕೋಣೆಯ ಬಾಗಿಲು ತಟ್ಟಿ ಒಂದೇ ಮಾತು ಹೇಳುತ್ತಾರೆ: "ಕೋಚ್ ಕರೀತಿದಾರೆ. ಪುಸ್ತಕ ತಗೊಂಡು ಬಾ." ಅಷ್ಟೇ. ಪುಸ್ತಕ ವಾಪಸ್ ಕೊಟ್ಟವನು ತಿಂಡಿಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿರುತ್ತಾನೆ. ಇದುವರೆಗೆ ಒಂಬತ್ತು ಜನ ಹೋದರು.

ಆದರೆ ಅಪ್ಪನಿಗೆ ಹೇಳು, ಎಲ್ಲ ಚೆನ್ನಾಗಿದೆ.

ನಿನ್ನ ಮಗ,
ಡುವೇನ್

•

ಡೋಲಿನಾ, ನೆಬ್ರಾಸ್ಕ
ಜುಲೈ 20

ಡುವೇನ್ ಮಗನೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನ ಅಪ್ಪ ಒಂದೇ ಸಲ, ಅದೂ ಕೊನೆಯ ಸಾಲು ಮಾತ್ರ ಓದಿ, ಟೋಪಿ ಹಾಕಿಕೊಂಡು ಹಯೆಕ್‌ನ ಕ್ಷೌರದಂಗಡಿಗೆ ಹೊರಟರು. ದಿನವೂ ಹತ್ತು ಗಂಟೆಗೆ ಅಲ್ಲಿ ಅವರಿಂದ ನಿನ್ನ ಬಗ್ಗೆ ಪ್ರಕಟಣೆ. ನಿನ್ನೆಯ ಪ್ರಕಟಣೆಯಂತೆ ಟೊಲೀಡೊ ಐರನ್‌ಮೆನ್ ತಂಡದವರು ನಿನ್ನನ್ನು ಕೇಳದೆ ನೀರೂ ಕುಡಿಯುವುದಿಲ್ಲ.

ನಮ್ಮ ಹೋಟೆಲಿನ ಫಲಕದಲ್ಲಿ 'ಡುವೇನ್ ಸ್ಪೆಷಲ್' ಎಂದು ಬರೆಸಿದ್ದಾರೆ. ಹುರಿದ ಬಾತುಕೋಳಿ, ನಾಲ್ಕು ಕಡುಬು, ಹುಳಿ ಎಲೆಕೋಸು. ಇದನ್ನೇ ಇಪ್ಪತ್ತು ವರ್ಷದಿಂದ 'ಭಾನುವಾರದ ಊಟ' ಅಂತ ಬಡಿಸುತ್ತಿದ್ದೆ. ಆಗ ಯಾರೂ ಎದ್ದು ನಿಂತು ಚಪ್ಪಾಳೆ ತಟ್ಟಿರಲಿಲ್ಲ. ಈಗ ತಟ್ಟುತ್ತಾರೆ. ಬಾತುಕೋಳಿಗೆ ಮಾತ್ರ ವ್ಯತ್ಯಾಸ ತಿಳಿದಂತಿಲ್ಲ.

ಒಂದು ಮಾತು. ಎಂಟನೇ ವಯಸ್ಸಿನಲ್ಲಿ ನೀನು ಬೇಸಿಗೆ ಶಿಬಿರಕ್ಕೆ ಹೋದಾಗಿನಿಂದ ನನಗೆ ಕಾಗದ ಬರೆಯುತ್ತಿದ್ದೀಯ. ಎಲ್ಲದರಲ್ಲೂ ಮೊದಲು ಬರುವುದು ಏನು ತಿಂದೆ ಎಂಬ ಸಮಾಚಾರ, ಆಮೇಲೆ ದೇವರು, ಆಮೇಲೆ ನಾನು. ಕೈ ಮುರಿದುಕೊಂಡ ವರ್ಷ ಒಂದು ಕಾಗದದಲ್ಲಿ ಮಾತ್ರ ಊಟದ ಸುದ್ದಿ ಇರಲಿಲ್ಲ. ಕೈ ಮುರಿದ ಸುದ್ದಿಯೂ ಇರಲಿಲ್ಲ.

ಈ ಕಾಗದದಲ್ಲೂ ಹಾರಿ ಬಂದ ಬ್ರೆಡ್ಡಿದೆ, ತಿಂದ ಬ್ರೆಡ್ಡಿಲ್ಲ. ಏನು ಮುರಿದಿದೆ?

ನಿನಗಿಷ್ಟದ ಸಿಹಿ ಬನ್ನು, ಗಸಗಸೆ ತುಂಬಿದ ಕೊಲಾಚೆ, ಹನ್ನೆರಡು ಕಳಿಸಿದ್ದೇನೆ. ಪಾದ್ರಿಗೂ ಒಂದು ಕೊಡು. ಬಾಯಲ್ಲಿ ಕೊಲಾಚೆ ಇದ್ದವನು ಯಾರಿಗೂ ಕೆಟ್ಟ ಸುದ್ದಿ ಹೇಳಲಾರ.

ಅಮ್ಮ

•

ಜುಲೈ 30

ಅಮ್ಮ,

ಮುರಿದದ್ದು ಏನೂ ಇಲ್ಲ. ಅದೇ ಆಶ್ಚರ್ಯ.

ಪ್ಲಾಟ್ ವ್ಯಾಲಿಯಲ್ಲಿ ನಾನು ಚೆಂಡು ಬಗಲಿಗೆ ಸಿಕ್ಕಿಸಿಕೊಂಡು ಓಡಿದರೆ ಹಿಂದೆ ಯಾರೂ ಬರುತ್ತಿರಲಿಲ್ಲ. ನಾನು ಬಹಳ ವೇಗ ಅಂದುಕೊಂಡಿದ್ದೆ. ಅವರೆಲ್ಲ ನಿಧಾನ ಇದ್ದರು ಎಂಬ ಇನ್ನೊಂದು ವಿವರಣೆ ಸಾಧ್ಯ ಅಂತ ಯಾರಾದರೂ ಹೇಳಬಾರದಿತ್ತೇ? ಸೋಮವಾರ ಇನ್ನೂರ ಎಪ್ಪತ್ತು ಪೌಂಡಿನ ಒಬ್ಬ ಹಿಂದಿನಿಂದ ಓಡಿ ಬಂದು, ನನ್ನನ್ನು ಹಿಡಿದು, ತೊಟ್ಟಿಲಲ್ಲಿ ಹಾಕುವ ಹಾಗೆ ನೆಲಕ್ಕೆ ಮಲಗಿಸಿ, "ನೋವಾಯ್ತೇನೋ ಮರಿ?" ಅಂದ. ಅವನಿಗೆ ಏದುಸಿರೂ ಬಂದಿರಲಿಲ್ಲ. ಅವನ ಕಳಕಳಿ ನನ್ನನ್ನು ಕೊಂದಿತು.

ಅದಾದರೂ ಹೋಗಲಿ. ಪುಸ್ತಕದ ಅರವತ್ತೊಂದನೆಯ ಪುಟ ಅಂತ ಒಂದಿದೆ. ಚೆಂಡು ಹಿಡಿದವನು ಬಲಕ್ಕೆ ಮೂರು ಹೆಜ್ಜೆ ಹಾಕಿ, ಗಕ್ಕನೆ ತಿರುಗಿ, ಎಡಕ್ಕೆ ಎರಡು ಹೆಜ್ಜೆಯಲ್ಲಿ ಸಂದಿಗೆ ನುಗ್ಗಬೇಕು. ನಮ್ಮವನೇ ಆದ ಗಸ್ ಟಾಲಿವರ್ ಎಡಗಡೆಯಿಂದ ಬಂದು ನನಗೆ ದಾರಿ ಬಿಡಿಸಬೇಕು. ಗಸ್ ಅಂದರೆ ನಮ್ಮ ಹೋಟೆಲಿನ ಹಿಮಪೆಟ್ಟಿಗೆಗೆ ಮೀಸೆ ಬಂದ ಹಾಗೆ. ಪ್ರತಿ ಸಲವೂ ನಾನು ಹೋಗಿ ಅವನಿಗೇ ಡಿಕ್ಕಿ ಹೊಡೆಯುತ್ತೇನೆ. ಎದುರಾಳಿಗಳಿಗೆ ಕೆಲಸವೇ ಇಲ್ಲ, ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿರುತ್ತಾರೆ.

"ಲೋ ನೆಬ್ರಾಸ್ಕ," ಅಂದ ಗಸ್ ಮೂರನೇ ಸಲ, ಎದೆ ಸವರಿಕೊಳ್ಳುತ್ತಾ. "ನನ್ ಹೆಂಡ್ತಿನೂ ನನ್ನ ಇಷ್ಟು ಗಟ್ಟಿಯಾಗಿ ತಬ್ಕೊಂಡಿಲ್ಲ ಕಣೋ."

ಕೋಚ್ ಥ್ಯಾಕರ್ ಕೂಗಾಡುವವರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಪುಸ್ತಕ ಓದು" ಅಂತ ಮಾತ್ರ ಹೇಳಿ ನನ್ನಿಂದ ಕಣ್ಣು ತೆಗೆದರು.

ಅದೇ ಉಪಾಯವನ್ನು ತಂಡದ ಹಳೆಯ ಓಟಗಾರ ವಾಲ್ಟ್ ಕೀನ್ ಸಲೀಸಾಗಿ ಮಾಡುತ್ತಾನೆ. ಅವನಿಗೆ ಮೂವತ್ನಾಲ್ಕು. ಎಂಟು ವರ್ಷದ ಹಿಂದೆ ಮುರಿದ ಮೊಣಕಾಲು ತಿರುಗುವಾಗ ಕಣಜದ ಬಾಗಿಲಿನ ಹಾಗೆ ಕಿರ್ರನ್ನುತ್ತದೆ. ಆದರೂ ಅವನು ಗಸ್‌ಗೆ ಒಮ್ಮೆಯೂ ತಾಗುವುದಿಲ್ಲ. ನಾನು ಕೋಣೆಗೆ ಬಂದು ಆ ಪುಟ ನೂರು ಸಲ ಓದಿದೆ. ಮೂರು ಹೆಜ್ಜೆ, ತಿರುಗು, ಎರಡು ಹೆಜ್ಜೆ. ಅದನ್ನೇ ಮಾಡುತ್ತಿದ್ದೇನೆ. ಅಥವಾ ಮಾಡುತ್ತಿದ್ದೇನೆ ಅಂದುಕೊಂಡಿದ್ದೇನೆ. ಅಮ್ಮ, ನನಗೆ ಐದರ ತನಕ ಎಣಿಸಲು ಬರುತ್ತದೆ ಅಲ್ಲವೇ? ನಿಜ ಹೇಳು.

ನನ್ನ ಕೋಣೆಯ ಜೊತೆಗಾರ ಕರ್ಟಿಸ್ ಫೆಲ್ಟನ್, ಜಾರ್ಜಿಯಾದವನು, ಅವನೂ ನನ್ನ ಹಾಗೆ ಚೆಂಡು ಹಿಡಿದು ಓಡುವ ಓಟಗಾರ. ಅವನೂ ಗಸ್‌ನನ್ನು ಗುದ್ದಿದ. "ನಮ್ಮಿಬ್ಬರ ತಲೇಲೂ ಒಂದೇ ಹುಳ ಹೊಕ್ಕಿರ್ಬೇಕು" ಅಂತ ಇಬ್ಬರೂ ನಗುತ್ತೇವೆ. ದೀಪ ಆರಿಸಿದ ಮೇಲೆ ನಗುವುದಿಲ್ಲ.

ಡುವೇನ್

ಕೊಲಾಚೆ ಸಿಕ್ಕಿತು. ಪಾದ್ರಿಗೆ ಕೊಟ್ಟೆ. ತಿಂದು, ಬಾಯಿ ಒರೆಸಿಕೊಂಡು, ಪಕ್ಕದ ಕೋಣೆಯ ಬಾಗಿಲು ತಟ್ಟಿದರು.

•

(ಅಂಚೆ ಕಾರ್ಡು)
ಡೋಲಿನಾ, ಆಗಸ್ಟ್ 4

ಮಗಾ, ಶುಭ ಸುದ್ದಿ! ಸೆಪ್ಟೆಂಬರ್ 19ರ ಮೊದಲ ಪಂದ್ಯಕ್ಕೆ ಊರಿನಿಂದ ಒಂದು ಬಸ್ಸು ಗೊತ್ತುಮಾಡಿದ್ದೇನೆ. ನಲವತ್ತೆರಡು ಸೀಟೂ ಭರ್ತಿ. ಎರಡು ಸಾವಿರ ಮೈಲಿ ಹೋಗಿ ಬರುವುದು ಅಂದರೂ ಯಾರೂ ಹಿಂಜರಿಯಲಿಲ್ಲ. ಫಾದರ್ ಕುಚೇರಾ ಆ ಭಾನುವಾರದ ಪೂಜೆಯನ್ನು ಶನಿವಾರಕ್ಕೆ ಬದಲಾಯಿಸಿದ್ದಾರೆ. ವಾದ್ಯದವರಲ್ಲಿ ದೊಡ್ಡ ತುತ್ತೂರಿಯವನು ಬರುತ್ತಾನೆ, ತುತ್ತೂರಿಗೆ ಬೇರೆ ಸೀಟು ಬೇಕಂತೆ. ಗೆದ್ದು ಬಾ ಅನ್ನುವುದಿಲ್ಲ, ಗೆದ್ದೇ ಗೆಲ್ಲುತ್ತೀಯ. ಅಪ್ಪ, ಎಮಿಲ್ ವೊಂದ್ರಾಚೆಕ್.

•

ಆಗಸ್ಟ್ 11

ಅಮ್ಮ,

ಇದರ ಜೊತೆಗಿರುವ ಪಾರ್ಸಲ್ಲನ್ನು ಅಪ್ಪನ ಮುಂದೆ ಬಿಚ್ಚಬೇಡ. ಬಿಚ್ಚಿಬಿಟ್ಟಿದ್ದರೆ ಏನಾದರೂ ಸುಳ್ಳು ಹೇಳು.

ಮಂಗಳವಾರ ಆರು ಗಂಟೆಗೆ ನಮ್ಮ ಬಾಗಿಲು ತಟ್ಟಿದರು. ನಾನೂ ಕರ್ಟಿಸೂ ಮಂಚದ ಮೇಲೆ ಎದ್ದು ಕೂತೆವು. ಇಬ್ಬರ ಪುಸ್ತಕಗಳೂ ಮೇಜಿನ ಮೇಲಿದ್ದವು. ಪಿಮ್ ಒಳಗೆ ಬಂದು ಇಬ್ಬರನ್ನೂ ನೋಡಿದರು. ಆ ಎರಡು ಉಸಿರಿನಷ್ಟು ಹೊತ್ತು ನಾನು ದೇವರಲ್ಲಿ ಏನು ಬೇಡಿಕೊಂಡೆ ಎಂದು ನಿನಗೂ ಹೇಳಲಾರೆ, ಫಾದರ್ ಕುಚೇರಾಗೂ ಹೇಳಲಾರೆ. "ಫೆಲ್ಟನ್," ಅಂದರು. "ಕೋಚ್ ಕರೀತಿದಾರೆ. ಪುಸ್ತಕ ತಗೊಂಡು ಬಾ."

ಕರ್ಟಿಸ್ ಶೂ ದಾರ ಕಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಹೋಗುವಾಗ, "ನಮ್ ಚಿಕ್ಕಪ್ಪಂದು ಮೇಕನ್ನಲ್ಲಿ ಟೈರ್ ಅಂಗಡಿ ಇದೆ. ನಿನಗೂ ಒಂದು ಸ್ಟೂಲ್ ಖಾಲಿ ಇಟ್ಟಿರ್ತೀನಿ ಬಿಡು" ಅಂದ. ತಮಾಷೆಗೆ ಅಂದದ್ದು. ನಾನು ಮಾತ್ರ ನನ್ನ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದೆ.

ಆಮೇಲೆ ನಾನು ಯೋಚನೆ ಮಾಡಿದೆ. ಇಡೀ ಬೇಸಿಗೆಯಲ್ಲಿ ನಾನು ಮಾಡಿದ ಒಂದೇ ಒಂದು ಯೋಚನೆ, ಆದ್ದರಿಂದ ಗಮನವಿಟ್ಟು ಕೇಳು. ಇವರ ಪದ್ಧತಿ ಏನು? ಪುಸ್ತಕ ತೆಗೆದುಕೊಳ್ಳದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಪುಸ್ತಕವೇ ಇಲ್ಲದಿದ್ದರೆ? ಏನು ತೆಗೆದುಕೊಂಡು ಬಾ ಅನ್ನುತ್ತಾರೆ? ನಾನು ಬೆಳಿಗ್ಗೆ ಓಡುವ ನೆಪದಲ್ಲಿ ಅಂಚೆ ಕಚೇರಿಗೆ ಬಂದು ಪುಸ್ತಕವನ್ನು ನಿನಗೆ ಕಳಿಸುತ್ತಿದ್ದೇನೆ. ಈಗ ಪಾದ್ರಿ ಬಾಗಿಲು ತಟ್ಟಲಿ ನೋಡೋಣ.

ಇದು ಬುದ್ಧಿವಂತಿಕೆಯೋ ಹುಚ್ಚೋ ಗೊತ್ತಿಲ್ಲ. ನಲವತ್ತೆರಡು ಜನ, ಒಂದು ತುತ್ತೂರಿ. ಅವರು ಬಂದಾಗ ನಾನಿಲ್ಲಿ ಇರಬೇಕು. ಇರಬೇಕು ಅಷ್ಟೇ.

ಡುವೇನ್

•

ಡೋಲಿನಾ
ಆಗಸ್ಟ್ 16

ಮಗನೇ,

ಕಳ್ಳತನದ ಮಾಲು ಕ್ಷೇಮವಾಗಿ ತಲುಪಿತು.

ನನಗೆ ಆದ ಆಘಾತವನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಪುಸ್ತಕದ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ 'ಇದು ತಂಡದ ಸ್ವತ್ತು, ಹೊರಗೆ ಒಯ್ಯುವವನನ್ನು ತಕ್ಷಣ ಹೊರಹಾಕಲಾಗುವುದು' ಎಂದಿತ್ತು. ಅದನ್ನು ಓದಿ ಕುರ್ಚಿಯ ಮೇಲೆ ಕೂತೆ. ನಿನ್ನ ಕಾಗದ ಓದಿ ಎದ್ದೆ. ಮಗನೇ, ನೀನು ನಾಲ್ಕು ವರ್ಷ ಕಾಲೇಜಿನಲ್ಲಿದ್ದೆ. ರಟ್ಟು ಓದುವುದನ್ನು ಅಲ್ಲಿ ಕಲಿಸುವುದಿಲ್ಲವೇ?

ಆಮೇಲೆ ನಿನ್ನ ಅಪ್ಪನ ಬೂಟಿನ ಸದ್ದು ಕೇಳಿತು. ಪುಸ್ತಕವನ್ನು ಮೈದಾ ಡ್ರಮ್ಮಿನಲ್ಲಿ ಹೂತೆ. ನಿನ್ನ ಅಪ್ಪನ ಕೈಗೆ ಅದು ಸಿಕ್ಕಿದ್ದರೆ ಹತ್ತು ಗಂಟೆಗೆ ಹಯೆಕ್‌ನ ಅಂಗಡಿಯಲ್ಲಿ ಸಾಮೂಹಿಕ ಪಾರಾಯಣ ನಡೆಯುತ್ತಿತ್ತು.

ಈಗ ಅರವತ್ತೊಂದನೆಯ ಪುಟ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ತನಕ ಗಿರಾಕಿ ಇರುವುದಿಲ್ಲ ಅಂತ ನಿನಗೆ ಗೊತ್ತು. ಮೈದಾ ಝಾಡಿಸಿ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟೆ. ಸಾಸಿವೆ ಬಾಟಲಿಯೇ ಗಸ್, ಉಪ್ಪಿನ ಡಬ್ಬಿಯೇ ನೀನು. ಚಿತ್ರದಲ್ಲಿ ಬಾಣಗಳು ಬಹಳ ಚೆಂದ, ಒಂದರ ಪಕ್ಕ ಒಂದು ಸಭ್ಯಸ್ಥರಂತೆ ಹೋಗುತ್ತವೆ. ಆದರೆ ಕೆಳಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದಿದ್ದಾರಲ್ಲ, ಅದನ್ನು ಓದಿದೆ. ನೀನು ನಿನ್ನ ಸಾಲು ಓದಿದೆ. ಗಸ್ ಅವನ ಸಾಲು ಓದಿರಬೇಕು. ಎರಡನ್ನೂ ಒಟ್ಟಿಗೆ ಓದುವ ಬಿಡುವು ಯಾರಿಗಿದೆ, ಹೋಟೆಲಿನವಳನ್ನು ಬಿಟ್ಟು?

ನಿನಗೆ: ಬಲಕ್ಕೆ ಮೂರು, ಎಡಕ್ಕೆ ಎರಡು, ಸಂದಿ. ಗಸ್‌ಗೆ: ಐದು ಹೆಜ್ಜೆ, ಸಂದಿ. ಮೂರೂ ಎರಡೂ ಐದು. ಐದೂ ಐದು. ಒಂದೇ ಬಾಗಿಲು, ಒಂದೇ ಹೊತ್ತು.

ನಮ್ಮ ಅಡುಗೆಮನೆಯ ತೂಗುಬಾಗಿಲು ನೆನಪಿದೆಯೇ? ಮಿಲಾಡಾ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳು ಖಾಲಿ ತಟ್ಟೆ ಹೊತ್ತು ಒಳಗೆ ಬರುವುದೂ ನಾನು ಸೂಪು ಹೊತ್ತು ಹೊರಗೆ ಹೋಗುವುದೂ ಒಂದೇ ಹೊತ್ತಿಗೆ ಆಗುತ್ತಿತ್ತು. ಆ ತಿಂಗಳು ನಾವು ಸೂಪನ್ನು ಬಡಿಸಲಿಲ್ಲ, ಒರೆಸಿದೆವು. ಆಮೇಲೆ ಅವಳು ಬಾಗಿಲ ಮುಂದೆ ಒಂದು ಉಸಿರು ನಿಲ್ಲಬೇಕು ಅಂತ ಗೊತ್ತುಮಾಡಿಕೊಂಡೆವು. ಹದಿನಾರು ವರ್ಷವಾಯಿತು, ಒಂದು ಬಟ್ಟಲೂ ಒಡೆದಿಲ್ಲ.

ಆದರೂ ಪ್ರಯೋಗ ಮಾಡದೆ ಯಾರ ಮೇಲೂ ತಪ್ಪು ಹೊರಿಸಬಾರದು. ಮಿಲಾಡಾಳನ್ನು ಗಸ್ ಮಾಡಿದೆ. ಅವಳಿಗೆ ಮೈಕಟ್ಟೂ ಇದೆ, ಸ್ವಲ್ಪ ಮೀಸೆಯೂ ಇದೆ.

"ಯಾಕಮ್ಮಾ, ಈ ವಯಸ್ಸಲ್ಲಿ ನಾವು ಆಟಕ್ಕೆ ಸೇರ್ಕೋಬೇಕಾ?" ಅಂದಳು.

"ಮಾತಾಡ್ಬೇಡ, ಎಣಿಸು" ಅಂದೆ.

ನಾನು ಸೂಪಿನ ಪಾತ್ರೆಯನ್ನು ಬಗಲಿಗೆ ಸಿಕ್ಕಿಸಿಕೊಂಡೆ. ಒಂದು, ಎರಡು, ಮೂರು, ತಿರುಗಿದೆ, ನಾಲ್ಕು, ಐದು. ಧಡ್! ಸೂಪೆಲ್ಲ, ಆಗ ತಾನೇ ಒಳಗೆ ಬಂದ ನಿನ್ನ ಅಪ್ಪನ ಹೊಸ ಪ್ಯಾಂಟಿನ ಮೇಲೆ. ಪ್ಯಾಂಟು ಬದಲಾಯಿಸಲು ಓಡಿದವರಿಗೆ ಪುಸ್ತಕ ಕಾಣಲಿಲ್ಲ. ಎರಡನೇ ಸಲ ನಾನು ಕುಂಟುತ್ತಾ ತಿರುಗಿದೆ, ನಿಮ್ಮ ವಾಲ್ಟ್‌ನ ಹಾಗೆ, ಕಿರ್ರ್ ಅಂತ ಬಾಯಲ್ಲೇ ಸದ್ದು ಮಾಡಿಕೊಂಡು. ಆ ಒಂದು ಉಸಿರಿನಲ್ಲಿ ಮಿಲಾಡಾ ದಾಟಿ ಹೋಗಿದ್ದಳು. ದಾರಿ ಹೆದ್ದಾರಿಯ ಹಾಗೆ ತೆರೆದಿತ್ತು.

ಅರ್ಥವಾಯಿತೇ ಮಗನೇ? ವಾಲ್ಟ್‌ಗೆ ತಾಗದಿರುವುದು ಅವನ ಮೊಣಕಾಲಿನ ಪುಣ್ಯ. ಅವನು ತಡ. ಯಾರೋ ಅವನನ್ನು ನೋಡಿಕೊಂಡು ಈ ಚಿತ್ರ ಬರೆದಿದ್ದಾರೆ, ಅವನ ಕುಂಟನ್ನು ಬರೆಯಲು ಮರೆತಿದ್ದಾರೆ. ನೀನು ಪುಸ್ತಕದಲ್ಲಿದ್ದ ಹಾಗೇ ಮಾಡಿದೆ. ಅದೇ ನಿನ್ನ ತಪ್ಪು.

ನಿನಗೆ ಐದರ ತನಕ ಎಣಿಸಲು ಬರುತ್ತದೆ. ಕಲಿಸಿದವಳು ನಾನು.

ಆದರೆ ಪುಸ್ತಕ ನಿನ್ನದಲ್ಲ. ಅದನ್ನು ಯಾರದೋ ಅವರಿಗೇ ಕಳಿಸುತ್ತಿದ್ದೇನೆ. ನಿನ್ನ ಕೈಗಲ್ಲ, ನೇರ ನಿಮ್ಮ ಕೋಚಿಗೆ. ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಊಟ ಬಿಡಬೇಡ.

ಅಮ್ಮ

•

ಡೋಲಿನಾ, ನೆಬ್ರಾಸ್ಕ
ಆಗಸ್ಟ್ 17

ಕೋಚ್ ಥ್ಯಾಕರ್ ಅವರಿಗೆ,

ನಿಮ್ಮ ಪುಸ್ತಕ ಇದರ ಜೊತೆಗಿದೆ. ನನ್ನ ಮಗ ಡುವೇನ್ ಅದನ್ನು ನನಗೆ ಅಂಚೆಯಲ್ಲಿ ಕಳಿಸಿದ. ಅದು ತಪ್ಪು. ಅವನಿಗೆ ಇಪ್ಪತ್ತೆರಡು ವರ್ಷ, ಆದ್ದರಿಂದ ಮಗುವಿಗೆ ತಿಳಿಯಲಿಲ್ಲ ಎಂದು ನಾನು ಬರೆಯಲಾರೆ. ಪುಟಗಳ ನಡುವೆ ಬಿಳಿಯ ಪುಡಿ ಕಂಡರೆ ಗಾಬರಿಯಾಗಬೇಡಿ, ಅದು ಮೈದಾ. ನನ್ನ ಗಂಡನೂ ಸೇರಿದಂತೆ ಬೇರೆ ಯಾರೂ ಇದನ್ನು ನೋಡಿಲ್ಲ. ಮಿಲಾಡಾ ನೋಡಿದಳು, ಆದರೆ ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಮಗನನ್ನು ಉಳಿಸಿಕೊಳ್ಳಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಅವನು ನಿಧಾನ ಎಂದು ನೀವು ಹೇಳಿದರೆ ನಂಬುತ್ತೇನೆ. ಬಾತುಕೋಳಿ ತಿಂದು ಬೆಳೆದವನು. ಆದರೆ ಅರವತ್ತೊಂದನೆಯ ಪುಟದಲ್ಲಿ ಇಬ್ಬರು ಒಂದೇ ಬಾಗಿಲಿಗೆ ಒಂದೇ ಹೊತ್ತಿಗೆ ಬರುತ್ತಾರೆ. ದಯವಿಟ್ಟು ಇಬ್ಬರ ಹೆಜ್ಜೆಯನ್ನೂ ಒಟ್ಟಿಗೆ ಎಣಿಸಿ. ಕಷ್ಟವಾದರೆ ಸಾಸಿವೆ ಬಾಟಲಿ ಬಳಸಿ.

ಎಂಟು ವರ್ಷದಿಂದ ಒಳ್ಳೆಯ ಮೊಣಕಾಲಿನ ಹುಡುಗರು ಎಷ್ಟು ಜನ ಈ ಪುಟದಲ್ಲಿ ಮುಗ್ಗರಿಸಿದರೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು. ಅವರೆಲ್ಲ ತಮ್ಮ ತಲೆಯಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ಮನೆಗೆ ಹೋಗಿರುತ್ತಾರೆ. ಅವರಿಗೂ ತಾಯಂದಿರಿದ್ದಾರೆ. ಅಷ್ಟನ್ನು ಹೇಳಲು ಬರೆದೆ.

ಲಿಬೂಶೆ ವೊಂದ್ರಾಚೆಕ್

•

ಸೇಂಟ್ ಬ್ರೆಂಡನ್
ಆಗಸ್ಟ್ 24

ಅಮ್ಮ,

ನಿನ್ನ ಕಾಗದ ನಿನ್ನೆ ಸಂಜೆ ಸಿಕ್ಕಿತು. ಓದಿ ಮುಗಿಸಿದಾಗ ಎರಡು ವಿಷಯ ತಿಳಿದವು. ಒಂದು, ನಾನು ದಡ್ಡನಲ್ಲ. ಎರಡು, ನಾನು ಮುಗಿದೆ. ಎರಡೂ ಸುದ್ದಿ ಒಂದೇ ಲಕೋಟೆಯಲ್ಲಿ ಬಂದದ್ದರಿಂದ ಯಾವುದಕ್ಕೆ ಮೊದಲು ಕೂರಬೇಕು ಎಂದು ತಿಳಿಯದೆ ನಿಂತೇ ಇದ್ದೆ.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟಿದರು.

ಪಿಮ್ ಬಾಗಿಲಲ್ಲಿ ನಿಂತು, "ವೊಂದ್ರಾಚೆಕ್, ಕೋಚ್ ಕರೀತಿದಾರೆ" ಅಂದರು. ಅಷ್ಟಕ್ಕೇ ನಿಲ್ಲಿಸಿದರು. ಬಾಯಿ ತೆರೆದೇ ಇತ್ತು. ಹೇಳಬೇಕಾದ ಇನ್ನರ್ಧ ಮಾತು ನಾಲಗೆಯ ತುದಿಯಲ್ಲಿ ಕೂತು ಇಳಿಯಲು ಜಾಗ ಹುಡುಕುತ್ತಿತ್ತು. "ಪುಸ್ತಕ ತರ್ಬೇಕಾ ಸಾರ್?" ಅಂತ ನಾನೇ ಕೇಳಿದೆ. "ಪುಸ್ತಕ ಅಲ್ಲೇ ಇದೆಯಂತೆ," ಅಂದರು ಮೆಲ್ಲಗೆ. "ಇಷ್ಟು ವರ್ಷದಲ್ಲಿ ಹಿಂಗೆ ಆಗಿಲ್ಲಪ್ಪ. ನಂಗೇನು ಹೇಳ್ಬೇಕೋ ಗೊತ್ತಾಗ್ತಿಲ್ಲ." ಇಬ್ಬರೂ ಕಾರಿಡಾರಿನಲ್ಲಿ ಶವಯಾತ್ರೆಯ ಹಾಗೆ ನಡೆದೆವು. ಯಾರ ಶವ ಎಂಬುದರ ಬಗ್ಗೆ ನನಗೆ ಅನುಮಾನ ಇರಲಿಲ್ಲ.

ಕೋಚ್ ಮೇಜಿನ ಮೇಲೆ ನನ್ನ ಪುಸ್ತಕ ಇತ್ತು. ಸುತ್ತ ಮೈದಾ. ಪಕ್ಕದಲ್ಲಿ ಊಟದ ಹಾಲಿನಿಂದ ತಂದ ಒಂದು ಸಾಸಿವೆ ಬಾಟಲಿ, ಒಂದು ಉಪ್ಪಿನ ಡಬ್ಬಿ.

ನಗು ಬರಲಿಲ್ಲ ಅಮ್ಮ. ಯಾಕೆಂದರೆ ಅವರ ಹಿಂದೆ ಬೀರುವಿನ ಬಾಗಿಲು ತೆರೆದಿತ್ತು. ಮನೆಗೆ ಹೋದವರು ವಾಪಸ್ ಕೊಟ್ಟ ಪುಸ್ತಕಗಳನ್ನೆಲ್ಲ ಅಲ್ಲೇ ಒಟ್ಟುತ್ತಾರೆ. ಎಂಟು ವರ್ಷದ್ದು. ಇಷ್ಟು ದಿನ ಅವನ್ನು ಯಾರೂ ತೆರೆದಿರಲಿಲ್ಲ, ಎಣಿಸಿ ಇಡುತ್ತಿದ್ದರು ಅಷ್ಟೇ. ಈಗ ಓಟಗಾರರ ಪುಸ್ತಕಗಳೆಲ್ಲ ನೆಲದ ಮೇಲೆ, ಎಲ್ಲವೂ ಅರವತ್ತೊಂದನೆಯ ಪುಟಕ್ಕೆ ತೆರೆದುಕೊಂಡು ಬಿದ್ದಿದ್ದವು. ನಿಂತಲ್ಲಿಂದಲೇ ಕಾಣುತ್ತಿತ್ತು. ಒಬ್ಬ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಇನ್ನೊಬ್ಬ ಹೆಜ್ಜೆಗಳನ್ನು ಗೆರೆ ಎಳೆದು ಎಣಿಸಿದ್ದ, ಐದು ಗೆರೆ, ಮತ್ತೆ ಐದು ಗೆರೆ. ನನ್ನ ಕಾಲ ಬಳಿ ಇದ್ದದ್ದು ಕರ್ಟಿಸ್‌ನದು. 'ಇಬ್ಬರೂ ಒಂದೇ ಕಡೆ?' ಅಂತ ಬರೆದು ಆಮೇಲೆ ರಬ್ಬರಿನಿಂದ ಅಳಿಸಿದ್ದ. ಅಳಿಸಿದರೂ ಒತ್ತಿ ಬರೆದದ್ದರಿಂದ ಕಾಣುತ್ತಿತ್ತು. ನನ್ನ ಪಕ್ಕದ ಮಂಚದಲ್ಲೇ ಕೂತು ಬರೆದದ್ದು, ನನಗೂ ಹೇಳಿರಲಿಲ್ಲ. ನಾನೂ ಅವನಿಗೆ ಏನು ಹೇಳಿದ್ದೆ? ಇಬ್ಬರೂ ಹುಳದ ಬಗ್ಗೆ ನಕ್ಕಿದ್ದೆವು.

ಕೋಚ್ ನೆಲದ ಮೇಲಿನ ಪುಟಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಈ ಪುಟ ಬರೆದಿದ್ದು ನಾನೇ. ವಾಲ್ಟ್‌ನ ನೋಡ್ಕೊಂಡು" ಅಂದರು. ಬಗ್ಗಿ ಕರ್ಟಿಸ್‌ನ ಪುಸ್ತಕ ಎತ್ತಿಕೊಂಡರು. "ಫೆಲ್ಟನ್ ಎಲ್ಲಿದಾನೆ?"

"ಮೇಕನ್ನಲ್ಲಿ ಸಾರ್. ಚಿಕ್ಕಪ್ಪನ ಟೈರ್ ಅಂಗಡಿ."

ಅದನ್ನು ಬರೆದುಕೊಂಡರು. ಅಂಗಡಿಯ ಹೆಸರನ್ನೂ ಕೇಳಿದರು. ಬರೆಯುವಾಗ ಅವರ ಪೆನ್ಸಿಲ್ ಮುರಿಯಿತು, ನಾನು ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದೆ.

ಆಮೇಲೆ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಹೆಂಗೆ ಹೋಗ್ಬೇಕು ತೋರ್ಸು" ಅಂದರು. ನಾನು ಮೂರು ಹೆಜ್ಜೆ ಇಟ್ಟೆ, ನಿಲ್ಲಿಸಿದೆ. ಮಿಲಾಡಾ ತೂಗುಬಾಗಿಲ ಮುಂದೆ ನಿಲ್ಲುತ್ತಾಳಲ್ಲ, ಅಷ್ಟು. ಸಾಸಿವೆ ದಾಟಿತು. ಎರಡು ಹೆಜ್ಜೆ ಇಟ್ಟೆ. ಏನೂ ತಾಗಲಿಲ್ಲ.

"ಕೇಳು," ಅಂದರು. "ಇದ್ರಿಂದ ನಿನ್ನ ಕಾಲಿಗೇನು ವೇಗ ಬರಲ್ಲ. ಮುಂದಿನ ತಿಂಗಳು ಹನ್ನೆರಡನೇ ತಾರೀಕು ಮನೆಗೆ ಕಳಿಸೋರ ಇನ್ನೊಂದು ಪಟ್ಟಿ ಇದೆ, ಅದ್ರಲ್ಲಿ ನಿನ್ನ ಹೆಸ್ರು ಇದ್ರೂ ಇರ್ಬಹುದು. ಪುಸ್ತಕ ಹೊರಗೆ ಕಳಿಸಿದ್ದಕ್ಕೆ ದಿನಾ ಅಭ್ಯಾಸ ಮುಗಿದ್ಮೇಲೆ ಹತ್ತು ಸುತ್ತು ಓಡ್ತೀಯ."

"ಆಗ್ಲಿ ಸಾರ್."

ಪುಸ್ತಕ ಮುಚ್ಚಿದರು. ಮೈದಾ ಹೊಗೆಯ ಹಾಗೆ ಎದ್ದಿತು. ಅದನ್ನು ಬೀರುವಿಗೆ ಇಡುತ್ತಾರೆ ಅಂತ ಕಾದೆ. ಎರಡೂ ಕೈಯಲ್ಲಿ ಹಿಡಿದು ನನ್ನ ಎದೆಗೆ ಒತ್ತಿದರು.

"ಪುಸ್ತಕ ತಗೊಂಡು ಹೋಗು."

ಹೊರಗೆ ಪಿಮ್ ಕಾಯುತ್ತಾ ನಿಂತಿದ್ದರು. ಕೈಯಲ್ಲಿ ನನ್ನ ಬಸ್ಸಿನ ಟಿಕೆಟ್ಟು. ನನ್ನ ಬಗಲಲ್ಲಿದ್ದ ಪುಸ್ತಕ ನೋಡಿದರು, ಮುಚ್ಚಿದ ಬಾಗಿಲು ನೋಡಿದರು, ಮತ್ತೆ ಪುಸ್ತಕ ನೋಡಿದರು. ಬದುಕಿನಲ್ಲಿ ಮೊದಲ ಸಲ ಅವರ ದನಿ ಜೋರಾಯಿತು. "ಅದನ್ನ ಒಳಗೆ ಬಿಟ್ಟು ಬರ್ಬೇಕು ಕಣಯ್ಯಾ!"

"ತಗೊಂಡು ಹೋಗು ಅಂದ್ರು ಸಾರ್."

ಗೋಡೆಗೆ ಒರಗಿ ನಿಂತುಬಿಟ್ಟರು. ಟಿಕೆಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಎರಡು ಸಲ ಮಡಚಿ ಮೇಲಿನ ಜೇಬಿಗೆ ಸೇರಿಸಿದರು. ಆಮೇಲೆ ಮೆಲ್ಲಗೆ, "ನಿಮ್ಮಮ್ಮ ಕಳಿಸಿದ್ರಲ್ಲ, ಆ ಗಸಗಸೆದು, ಇನ್ನೂ ಒಂದಿದೆಯಾ?" ಅಂದರು.

ಬೆಳಿಗ್ಗೆ ಅಭ್ಯಾಸದಲ್ಲಿ ಅರವತ್ತೊಂದು ಕೂಗಿದರು. ಮೂರು ಹೆಜ್ಜೆ, ಒಂದು ಉಸಿರು, ಎರಡು ಹೆಜ್ಜೆ. ಗಸ್ ನನ್ನ ಮುಂದೆ ರೈಲಿನ ಹಾಗೆ ದಾಟಿ ಹೋದ. ಇಪ್ಪತ್ತು ಗಜ ಓಡಿದೆ. ಆಮೇಲೆ ಆ ಇನ್ನೂರ ಎಪ್ಪತ್ತು ಪೌಂಡಿನವನು ಹಿಂದಿನಿಂದ ಬಂದು ಮಲಗಿಸಿದ. ನೋವಾಯ್ತಾ ಅಂತ ಈ ಸಲ ಕೇಳಲಿಲ್ಲ. ಅದೇ ನನಗೆ ಸಿಕ್ಕ ಮೊದಲ ಮರ್ಯಾದೆ.

ಅಪ್ಪನಿಗೆ ಹೇಳು, ಬಸ್ಸಿನಲ್ಲಿ ನಲವತ್ತಮೂರನೇ ಸೀಟು ಬೇಕು. ತುತ್ತೂರಿಯನ್ನು ಛಾವಣಿಗೆ ಕಟ್ಟಲಿ. ನೀನೂ ಬಾ. ಆ ದಿನ ನಾನು ಮೈದಾನದಲ್ಲಿ ಇರುತ್ತೇನೋ, ನಿಮ್ಮ ಪಕ್ಕದಲ್ಲಿ ಕೂತಿರುತ್ತೇನೋ, ನಿಜವಾಗಿ ಗೊತ್ತಿಲ್ಲ. ಎಲ್ಲಿದ್ದರೂ ತಲೆ ಎತ್ತಿಕೊಂಡೇ ಇರುತ್ತೇನೆ.

ನಿನ್ನ ಮಗ,
ಡುವೇನ್

ಮರೆತಿದ್ದೆ. ಮಧ್ಯಾಹ್ನ ಊಟಕ್ಕೆ ಹುರಿದ ಮಾಂಸ ಎರಡು ತಟ್ಟೆ, ಬೇಯಿಸಿದ ಆಲೂಗಡ್ಡೆ ಐದು, ಬೀನ್ಸು, ಜೋಳ, ಬ್ರೆಡ್ಡು ಎಣಿಸಲಿಲ್ಲ, ಆಪಲ್ ಪೈ ಮೂರು ತುಂಡು. ಕಡುಬು ಇರಲಿಲ್ಲ. ಇದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.